ಕಾಲುವೆಯ ನೀರು ಮತ್ತು ಸವಳು ನೆಲ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಎರೆ ಭೂಮಿಯು ಹಿಂದಿನಿಂದಲೂ ಮಳೆಯನ್ನೇ ನಂಬಿ ಜೋಳ, ತೊಗರಿ, ಹತ್ತಿ, ಶೇಂಗಾಗಳನ್ನು ಬೆಳೆದುಕೊಂಡು ಬಂದುದಾಗಿದೆ. 1964ನೆಯ ಇಸವಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಆಲಮಟ್ಟಿಯಲ್ಲಿ ಅಡಿಗಲ್ಲು ಬಿದ್ದಿತು. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿಯಿತು. ಎಡದಂಡೆ ಕಾಲುವೆಯಿಂದಲೂ ಅದರ ಶಹಾಪುರ ಶಾಖೆಯಿಂದಲೂ ಮುಖ್ಯವಾಗಿ ಸುರಪುರ, ಶಹಾಪುರ ಭಾಗಗಳಿಗೆ ನೀರು ಬಂದಿತು. ಬರಕ್ಕೆ ಅಂಜುತ್ತಿದ್ದ ರೈತನಿಗೆ ಇದು ದೊಡ್ಡ ಉಪಕಾರವೇ ಸರಿ. ಆದರೆ ಅದೇ ನೀರಿನಿಂದ ಕೆಲವು ಹೊಲಗಳು ಜವಳು ಹಿಡಿದು, ಉಪ್ಪು ಮೇಲೆದ್ದು, ಬಿತ್ತನೆಗೆ ಬಾರದಂತಾಗಿವೆ. ಇದರ ಕಾರಣವು ನೆಲದಲ್ಲಿ ಮಾತ್ರವಲ್ಲದೆ ಪೇಟೆಯಲ್ಲಿಯೂ ರಾಜಕಾರಣದಲ್ಲಿಯೂ ಅಡಗಿದೆ.

ನೆಲ ಕೆಡುವ ಬಗೆ: ಎರೆ ಮಣ್ಣು ನೀರನ್ನು ಬೇಗ ಬಸಿಯಗೊಡದು. ಪದೇ ಪದೇ ನೀರು ನಿಲ್ಲಿಸಿದಲ್ಲಿ ಅಂತರ್ಜಲವು ಬೇರಿನವರೆಗೂ ಏರುತ್ತದೆ. ಆ ನೀರು ಬಿಸಿಲಿಗೆ ಆರಿದಾಗ ಮಣ್ಣಿನೊಳಗಣ ಉಪ್ಪು ಮಾತ್ರ ಮೇಲೆ ಉಳಿಯುತ್ತದೆ. ಈ ಯೋಜನೆಯು ಮುಖ್ಯವಾಗಿ ಕಡಿಮೆ ನೀರಿನ ಬೆಳೆಗಳಿಗಾಗಿ ಏರ್ಪಟ್ಟುದು. ಜೋಳಕ್ಕೆ ಸುಮಾರು 18ರಿಂದ 26 ಅಂಗುಲ ನೀರು ಸಾಕು. ಭತ್ತಕ್ಕೆ ಸುಮಾರು 48 ಅಂಗುಲ ಬೇಕು. ಹೀಗಿದ್ದರೂ ಭತ್ತವು ಕಾಲುವೆಯ ತಲೆಯ ಕಡೆ ವಿಸ್ತಾರವಾಗಿ ಹಬ್ಬಿತು.

ಪೇಟೆಯ ಪ್ರೇರಣೆ: ಭತ್ತಕ್ಕೆ ನಿಶ್ಚಿತ ಗಿರಾಕಿಯುಂಟು, ಮುಂಗಡ ಸಾಲ ಕೊಡುವ ವರ್ತಕನೂ ಉಂಟು. ನೀರಿನ ಕರವು ಬೆಳೆಯನ್ನೂ ಎಕರೆಯನ್ನೂ ನೋಡಿ ಬೀಳುವುದಲ್ಲದೆ ನೀರಿನ ಅಳತೆಯನ್ನು ನೋಡಿ ಬೀಳುವುದಿಲ್ಲ. ಆದಕಾರಣ ನೀರನ್ನು ಉಳಿಸಿದವನಿಗೆ ಲಾಭವಿಲ್ಲ. ಎರಡು ಮೂರು ವರ್ಷಕ್ಕೆ ಭೂಮಿಯನ್ನು ಲಾವಣಿಗೆ ಹಿಡಿದವನು ಈ ವರ್ಷದ ಫಸಲನ್ನು ನೋಡುವನೇ ಹೊರತು ಹತ್ತು ವರ್ಷದ ಮೇಲಣ ಮಣ್ಣನ್ನಲ್ಲ. ಲಾವಣಿಯ ಹಣವು ಭೂಮಾಲೀಕನ ಕೈಸೇರಿದರೂ ಕೆಟ್ಟ ನೆಲವು ಕೊನೆಗೆ ಅವನ ಪಾಲಿಗೇ ಉಳಿಯುವುದು.

ಅಧಿಕಾರದ ಪಾಲು: ನಿಷಿದ್ಧ ಬೆಳೆಗೆ ದಂಡ ವಿಧಿಸುವ ಅಧಿಕಾರವು ಕಾನೂನಿನಲ್ಲಿದೆ. ಆದರೆ ತಲೆಯ ಕಡೆಯವರನ್ನು ಮುನಿಸಿಕೊಳ್ಳಲು ಮತ ಬೇಡುವವರು ಹಿಂಜರಿಯುತ್ತಾರೆ. ಪ್ರಭಾವವುಳ್ಳವನ ತೂಬು ತೆರೆದೇ ಇರುತ್ತದೆ. ಮೇಲಿನ ಹೊಲಕ್ಕೆ ಹೆಚ್ಚು ನೀರು, ತಗ್ಗಿನ ಹೊಲಕ್ಕೆ ಜವಳು, ಕಾಲುವೆಯ ಕೊನೆಯವನಿಗೆ ಒಣ ಹೊಲ, ಇದೇ ಅದರ ಫಲ. ಬಾರಾಮತಿ ಸೀಮೆಯಲ್ಲಿ 1885ರ ನೀರಾ ಎಡದಂಡೆ ಕಾಲುವೆಯ ಕೆಳಗೂ ಕಬ್ಬು ಹಬ್ಬಿದ ಮೇಲೆ ಇಂಥದೇ ಸವಳು ಕಂಡುಬಂದಿತು.

ಮಾಡತಕ್ಕ ಕೆಲಸ: ಜವಳು ತೋರಿದ ಕೂಡಲೆ ಊರವರು ಕೂಡಿ ಬಸಿಗಾಲುವೆ ತೆಗೆಯಬೇಕು, ಒಬ್ಬನ ಹೊಲದ ಬಸಿಗಾಲುವೆಗೆ ನೆರೆಯವನ ಹೊಲದಲ್ಲಿ ದಾರಿ ಬೇಕು. ಮಣ್ಣನ್ನು ಪರೀಕ್ಷಿಸದೆ ಜಿಪ್ಸಮ್ ಹಾಕಬಾರದು. ಅದು ಕ್ಷಾರಭೂಮಿಗೆ ಹಿತವೇ ಹೊರತು ಕೇವಲ ಉಪ್ಪಿನ ಭೂಮಿಗಲ್ಲ. ಲಾವಣಿ ಪತ್ರದಲ್ಲಿ ಬೆಳೆಯನ್ನೂ ಬಸಿಗಾಲುವೆಯ ಜವಾಬ್ದಾರಿಯನ್ನೂ ಬರೆಸತಕ್ಕದ್ದು. ನೀರು ಬಳಕೆದಾರರ ಸಹಕಾರ ಸಂಘಗಳಲ್ಲಿ ಸರದಿಯನ್ನು ಗೊತ್ತುಮಾಡಿ, ಕೊನೆಯ ತೂಬಿಗೆ ಮೊದಲು ನೀರು ಮುಟ್ಟಿಸುವ ಪದ್ಧತಿಯನ್ನು ಗ್ರಾಮದ ಮುಖಂಡರೇ ತಮ್ಮ ಹೊಲದಿಂದ ಆರಂಭಿಸತಕ್ಕದ್ದು. ಒಮ್ಮೆ ಸವಳಾದ ನೆಲವನ್ನು ತಿರುಗಿ ಪಡೆಯುವುದಕ್ಕಿಂತ ಇರುವ ನೆಲವನ್ನು ಕಾಯುವುದೇ ಸುಲಭ.