ನೆಲದಾಳದ ಪ್ರತ್ಯಕ್ಷ ಪ್ರಮಾಣ

ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಅನುಮಾನ ಪ್ರಮಾಣವೆಂದು ತರ್ಕಶಾಸ್ತ್ರವು ಹೇಳುತ್ತದೆ. ಭೂಕಂಪದ ಅಲೆಗಳ ವೇಗವನ್ನು ಕಂಡು ನೆಲದೊಳಗಿನ ಶಿಲೆಗಳನ್ನು ಊಹಿಸುವ ಭೂವಿಜ್ಞಾನಿಗಳ ಕ್ರಮವೂ ಇಂಥದೇ. ಆದರೆ ಅನುಮಾನವು ಎಡವುವುದುಂಟು. ಅಂದಿನ ಸೋವಿಯತ್ ಒಕ್ಕೂಟದ ಕೋಲಾ ಪರ್ಯಾಯದ್ವೀಪದಲ್ಲಿ 1970ರಲ್ಲಿ ಕೊರೆಯತೊಡಗಿದ ರಂಧ್ರವು ಕೊನೆಗೆ 12,262 ಮೀಟರು ಆಳವನ್ನು ಮುಟ್ಟಿತು. ಏಳು ಕಿಲೋಮೀಟರಿನ ಕೆಳಗೆ ಬಸಾಲ್ಟ್ ಶಿಲೆ ಇದ್ದೀತೆಂಬುದು ವಿದ್ವಾಂಸರ ಎಣಿಕೆಯಾಗಿತ್ತು; ದೊರೆತದ್ದು ಬಿರುಕುಗಳಲ್ಲಿ ನೀರು ತುಂಬಿದ ಗ್ರಾನೈಟ್ ಜಾತಿಯ ಶಿಲೆ! ಪ್ರತ್ಯಕ್ಷದ ಮುಂದೆ ಅನುಮಾನವು ತಲೆಬಾಗಬೇಕಾಯಿತು.

ಈ ಪ್ರತ್ಯಕ್ಷವನ್ನು ಪಡೆಯುವ ಬಗೆ ಹೀಗಿದೆ. ವಜ್ರದ ಹರಳುಗಳನ್ನು ಪೋಣಿಸಿದ ಟೊಳ್ಳು ಬೈರಿಗೆಯು ಸುತ್ತುತ್ತ ಇಳಿದಂತೆ, ಅದರ ನಡುವೆ ಶಿಲೆಯು ಕಂಬದಂತೆ ಉಳಿಯುತ್ತದೆ. ಈ ಶಿಲಾದಂಡವನ್ನು ಮೇಲೆತ್ತಿ, ಆಳವನ್ನು ಗುರುತಿಸಿ, ಪೆಟ್ಟಿಗೆಯಲ್ಲಿ ಕ್ರಮವಾಗಿ ಜೋಡಿಸುತ್ತಾರೆ. ಅದರಿಂದ ಶಿಲೆಯ ಸಾಂದ್ರತೆ, ವಯಸ್ಸು, ಶಾಖವಾಹಕತೆಗಳನ್ನು ಅಳೆಯುತ್ತಾರೆ. ರಂಧ್ರದೊಳಗೆ ಇಳಿಬಿಟ್ಟ ಉಪಕರಣಗಳು ಉಷ್ಣತೆ, ವಿದ್ಯುತ್ ರೋಧ, ಸಹಜ ವಿಕಿರಣಗಳನ್ನು ದಾಖಲಿಸುತ್ತವೆ. ಆಳಕ್ಕಿಳಿದಂತೆ ಉಷ್ಣತೆ ಏರುವ ಪ್ರಮಾಣವನ್ನು ಶಾಖವಾಹಕತೆಯಿಂದ ಗುಣಿಸಿದರೆ ಭೂಮಿಯೊಳಗಿಂದ ಹೊರಹೊಮ್ಮುವ ಶಾಖದ ಲೆಕ್ಕ ದೊರೆಯುತ್ತದೆ. ರಂಧ್ರದ ಗೋಡೆ ಎದುರುಬದುರು ಬದಿಗಳಲ್ಲಿ ಉದುರಿದ್ದರೆ, ಅದಕ್ಕೆ ಅಡ್ಡಲಾದ ದಿಕ್ಕಿನಲ್ಲಿ ಒತ್ತಡವು ಅಧಿಕವೆಂದು ತಿಳಿಯುತ್ತದೆ.

ಇದೆಲ್ಲ ಬರಿಯ ಕುತೂಹಲವಲ್ಲ. ಕೃಷ್ಣೆಯ ಉಪನದಿಯಾದ ಕೊಯ್ನಾಕ್ಕೆ ಕಟ್ಟಿದ ಅಣೆಕಟ್ಟಿನಲ್ಲಿ 1962ರಿಂದ ನೀರು ನಿಂತಿತು. 1967ರ ಡಿಸೆಂಬರ್ 10ರ ಭೂಕಂಪದಲ್ಲಿ ಸುಮಾರು ಇನ್ನೂರು ಜನ ಅಸುನೀಗಿದರು. ಜಲಾಶಯದ ನೀರು ನೆಲದೊಳಗಿನ ಸ್ತರಭಂಗಗಳನ್ನು ಕೆಣಕುವ ಬಗೆಯನ್ನು ಅರಿಯಲು ಅಲ್ಲಿ ಹಲವು ರಂಧ್ರಗಳನ್ನು ಕೊರೆದರು; 2017ರ ವೇಳೆಗೆ ಒಂದು ರಂಧ್ರ ಮೂರು ಕಿಲೋಮೀಟರು ಆಳಕ್ಕಿಳಿಯಿತು. ಸುಮಾರು 1,250 ಮೀಟರು ದಪ್ಪದ ಲಾವಾ ಶಿಲೆಯ ಕೆಳಗೆ ನೇರವಾಗಿ ಪುರಾತನ ಗ್ರಾನೈಟ್ ಕಂಡಿತು. ಕಂಪನಗಳು ಹುಟ್ಟುವುದು ಬಹುಮಟ್ಟಿಗೆ ಈ ಗ್ರಾನೈಟಿನಲ್ಲಿಯೇ. ಅಲ್ಲಿಯ ಶಿಲಾದಂಡಗಳನ್ನು ಕರಾಡದಲ್ಲಿ ಗ್ರಂಥಭಂಡಾರದ ಓಲೆಗಳಂತೆ ಕಾಪಾಡಿದ್ದಾರೆ.

ನಮ್ಮ ಊರುಗಳಲ್ಲಿಯೂ ಕೊಳವೆ ಬಾವಿಗಳಿಗೆ ಲೆಕ್ಕವಿಲ್ಲ. ಅವುಗಳಿಂದ ಶಿಲಾದಂಡ ದೊರೆಯದು, ಕಲ್ಲಿನ ಪುಡಿ ಮಾತ್ರ ಹೊರಚಿಮ್ಮುತ್ತದೆ. ನೀರು ಬಿದ್ದರೆ ಹರ್ಷ, ಬೀಳದಿದ್ದರೆ ಸಾಲ. ಎರಡರಲ್ಲಿಯೂ ಪುಡಿಯನ್ನು ನೋಡುವವರಿಲ್ಲ. ಎಷ್ಟು ಅಡಿಗೆ ಯಾವ ಬಣ್ಣದ ಕಲ್ಲು, ಎಷ್ಟು ಅಡಿಗೆ ನೀರಿನ ಸೆಲೆ ಎಂಬುದನ್ನು ಅಧ್ಯಾಪಕರು ವಿದ್ಯಾರ್ಥಿಗಳಿಂದ ಬರೆಯಿಸಿ ಶಾಲೆಯಲ್ಲಿರಿಸಿದರೆ, ಮುಂದಿನ ರೈತನು ಕೇವಲ ಊಹೆಯನ್ನು ನಂಬಿ ಸಾಲಕ್ಕಿಳಿಯುವುದು ಕೊಂಚವಾದರೂ ತಪ್ಪೀತು. ವಿದ್ಯಾದಾನದಲ್ಲಿ ಇದೂ ಒಂದು ಬಗೆಯೇ ಸರಿ.