ತಾಳೆಗರಿಯ ಕೊನೆಯಲ್ಲಿ ನಿಂತ ಹೆಸರುಗಳು

ಹಿಂದಿನ ಕಾಲದ ಲೇಖಕಿಯರನ್ನೂ ಕಲಾವಿದೆಯರನ್ನೂ ಕುರಿತು ನಮ್ಮ ವಾಚಕವರ್ಗದಲ್ಲಿ ತೋರಿಬರುತ್ತಿರುವ ಉತ್ಸಾಹವು ಸಂತೋಷಕರವಾದುದೆಂಬುದನ್ನು ಯಾರೂ ಅಲ್ಲಗಳೆಯಲಾರರು. ಅಕ್ಕಮಹಾದೇವಿಯ ಹೆಸರನ್ನು ಅರಿಯದ ಕನ್ನಡಿಗನಿಲ್ಲ. ಚಿಕ್ಕದೇವರಾಜ ಒಡೆಯರ ಅರಮನೆಯ ಊಳಿಗದಲ್ಲಿದ್ದುಕೊಂಡೇ ಕಾವ್ಯವನ್ನು ರಚಿಸಿದ ಸಂಚಿಯ ಹೊನ್ನಮ್ಮನನ್ನೂ, ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಸ್ಥಾಪಿಸಿದ ನಂಜನಗೂಡು ತಿರುಮಲಾಂಬೆಯವರನ್ನೂ, 1939ರಲ್ಲಿ ಎಳೆಯ ವಯಸ್ಸಿನಲ್ಲಿಯೇ ಅಗಲಿದ ಕೊಡಗಿನ ಗೌರಮ್ಮನವರನ್ನೂ ಈಗ ಹುಡುಕಿ ಹುಡುಕಿ ಓದುವವರಿದ್ದಾರೆ. ಆದರೆ ಬಂಟವಾಳ, ಬೆಳ್ತಂಗಡಿ, ಮೂಡಬಿದರೆಗಳ ವಾಚಕನು ಈ ಪಟ್ಟಿಯನ್ನು ಮುಗಿಸಿದ ಮೇಲೆ ಒಂದು ಪ್ರಶ್ನೆಯನ್ನು ಹಾಕುವುದು ಸಹಜವು: ನಮ್ಮ ಸೀಮೆಯವರು ಇದರಲ್ಲಿ ಯಾರು?

ಪುಸ್ತಕದ ಮುಖಪುಟವನ್ನು ಮಾತ್ರ ನೋಡುವವರಿಗೆ ಇದಕ್ಕೆ ಉತ್ತರವು ದೊರೆಯಲಾರದು. ಗ್ರಂಥದ ಕೊನೆಯ ಓಲೆಯನ್ನು ನೋಡಬೇಕು; ಗದ್ದೆಯ ಬದುವಿಗೂ ಹೋಗಿ ನಿಲ್ಲಬೇಕು.

ಮೊದಲು ಮೂಡಬಿದರೆಯನ್ನೇ ತೆಗೆದುಕೊಳ್ಳೋಣ. ಚೌಟರ ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಮಂದಿ ನಾರಿಯರು ಹೆಣೆದುಕೊಂಡು ಆನೆಯಾಗಿದ್ದಾರೆ. ಐವರು ಕೂಡಿ ಕುದುರೆಯಾಗಿದ್ದಾರೆ. ಯಾತ್ರಿಕರು ಇದನ್ನು ನೋಡಿ ಬೆರಗಾಗುವುದುಂಟು. ಬೆರಗಾಗತಕ್ಕ ಕೆಲಸವೇ ಸರಿ. ಆದರೆ ಅಲ್ಲಿ ಸ್ತ್ರೀಯು ಕಲೆಯ ವಸ್ತುವೇ ಹೊರತು ಕರ್ತೃವಲ್ಲ. ಕರ್ತೃವನ್ನು ಅರಸುವವರು ಅದೇ ಊರಿನ ಸಿದ್ಧಾಂತ ಬಸದಿಗೆ ನಡೆಯಬೇಕು. ಧವಲ, ಜಯಧವಲ, ಮಹಾಧವಲಗಳೆಂಬ ಜೈನ ಸಿದ್ಧಾಂತಗ್ರಂಥಗಳ ಹಳಗನ್ನಡ ಲಿಪಿಯ ತಾಳೆಗರಿಗಳು ಶತಮಾನಗಳ ಕಾಲ ಅಲ್ಲಿ ರಕ್ಷಿತವಾಗಿ ಬಂದಿವೆ. ಧವಲದ ಪ್ರತಿಯನ್ನು ಬರೆಯಿಸಿದವಳು ದೇಮಿಯಕ್ಕ. ಶ್ರುತಪಂಚಮಿಯ ನೋಂಪಿಯ ಉದ್ಯಾಪನೆಗೆಂದು ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ಅದನ್ನು ಪ್ರತಿಮಾಡಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಮಹಾಧವಲವನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟವಳು ಶಾಂತಿಸೇನನ ಮಡದಿ ಮಲ್ಲಿಕಬ್ಬೆ. ಈ ಓಲೆಗಳಲ್ಲಿ ವರ್ಣಚಿತ್ರಗಳೂ ಇವೆ. ಕರ್ನಾಟಕದ ಚಿತ್ರಿತ ಹಸ್ತಪ್ರತಿಗಳಲ್ಲಿ ಇವು ಅತಿ ಪ್ರಾಚೀನವಾದುವು.

ದುಡ್ಡು ಕೊಟ್ಟವಳನ್ನು ಲೇಖಕಿಯೆನ್ನಬಹುದೇ ಎಂದು ಕೆಲವರು ಆಕ್ಷೇಪಿಸಬಹುದು. ಎನ್ನಲಾಗದು. ಆದರೆ ಮುದ್ರಣಯಂತ್ರವಿಲ್ಲದ ಕಾಲದಲ್ಲಿ ಪ್ರತಿಮಾಡಿಸುವವರಿಲ್ಲದೆ ಗ್ರಂಥವು ಬಾಳುತ್ತಿರಲಿಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ನಾವೆಲ್ಲರೂ ಬಲ್ಲೆವು. ಇಂದಿನ ಮಾತಿನಲ್ಲಿ ಆಕೆ ಪ್ರಕಾಶಕಿ. ದೇಮಿಯಕ್ಕ ಮಲ್ಲಿಕಬ್ಬೆಯರೂ ಅದೇ ಪಂಕ್ತಿಯವರು.

ತನ್ನ ಕೈಯಿಂದಲೇ ಬರೆದವಳೊಬ್ಬಳು ಬೇಕೆನ್ನುವವರಿಗೆ ಮೂಡಬಿದರೆಯು ಲಕ್ಷ್ಮೀಬಾಯಿಯವರನ್ನು ತೋರಿಸುತ್ತದೆ. ಆಕೆಯ ಕಥೆಯು ನಮ್ಮ ಸೀಮೆಯಲ್ಲಿಯೇ ಸಾಕಷ್ಟು ಪ್ರಚಾರದಲ್ಲಿಲ್ಲವೆಂಬುದು ವಿಷಾದಕರವು. ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದ ಮೊದಲಾದವರ ಪ್ರಯತ್ನದಿಂದ 1896ರಲ್ಲಿ ಈ ಗ್ರಂಥಗಳ ನಕಲಿನ ಕೆಲಸಕ್ಕೆ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ಈ ಕೆಲಸಕ್ಕೆ ನಿಂತರು. ಶಾಸ್ತ್ರಿಗಳು ತೀರಿಕೊಂಡ ಬಳಿಕ ಉಪಾಧ್ಯಾಯರೊಬ್ಬರೇ ಮುಂದುವರಿಸಿದರು. ನಕಲುಗಳು ಊರು ಬಿಟ್ಟು ಹೋಗಕೂಡದೆಂಬುದು ಅಲ್ಲಿಯವರ ಕಟ್ಟಳೆಯಾಗಿದ್ದಿತು. ಹೀಗಿರಲು ಉಪಾಧ್ಯಾಯರು ಗುಟ್ಟಾಗಿ ಇನ್ನೊಂದು ಪ್ರತಿಯನ್ನು ಕನ್ನಡ ಲಿಪಿಯಲ್ಲಿ ಸಿದ್ಧಪಡಿಸಿದರು. ಅದಕ್ಕೆ ನೆರವಾದವರು ಅವರ ವಿದುಷಿಯಾದ ಪತ್ನಿ ಲಕ್ಷ್ಮೀಬಾಯಿಯವರು.

ಆ ಪ್ರತಿಯನ್ನು ಕೊಳ್ಳಲು ಹೀರಾಚಂದರು ಒಪ್ಪಲಿಲ್ಲ. ಅದು ನೀತಿಗೆ ಒಪ್ಪದ ಕಾರ್ಯವೆಂದು ಅವರೆಣಿಸಿದರು. ಕೊನೆಗೆ ಸಹಾರನಪುರದ ಲಾಲಾ ಜಂಬೂಪ್ರಸಾದರು ಅದನ್ನು ಪಡೆದರು. ಅಲ್ಲಿ ಅದು ನಾಗರಿಗೆ ಇಳಿಯಿತು, ಇಳಿಸಿದವರಲ್ಲಿ ಒಬ್ಬರು ತಮಗೂ ಒಂದು ಪ್ರತಿಯನ್ನು ಗುಟ್ಟಾಗಿ ಇಟ್ಟುಕೊಂಡರು (ಗುಟ್ಟಿಗೆ ಗುಟ್ಟೇ ಹುಟ್ಟುವುದಲ್ಲವೇ!). ಆ ಪ್ರತಿಯಿಂದಲೇ ಗ್ರಂಥವು ಊರೂರಿಗೆ ಹಬ್ಬಿತು. 1939ರಿಂದ ಪ್ರೊಫೆಸರ್ ಹೀರಾಲಾಲ ಜೈನರು ಅಮರಾವತಿಯಿಂದ ಧವಲವನ್ನು ಅಚ್ಚುಹಾಕಿಸಲು ತೊಡಗಿದಾಗ ಅವರಿಗೆ ಮೊದಲ ಆಧಾರವಾದುದು ಈ ಪರಂಪರೆಯ ಪ್ರತಿಗಳೇ. ಮುಂದೆ ಮೂಡಬಿದರೆಯವರೂ ಮನವೊಲಿದು, ಮೂಲದ ಓಲೆಗಳೊಡನೆ ಹೋಲಿಸಿ ನೋಡಲು ಅನುಮತಿಯಿತ್ತರು.

ಕಟ್ಟಳೆಯನ್ನು ಮೀರಿದುದು ಸರಿಯೆಂದು ನಾವು ವಾದಿಸುವುದಿಲ್ಲ. ತಲೆತಲಾಂತರದಿಂದ ಗೆದ್ದಲಿಗೂ ಬೆಂಕಿಗೂ ಸಿಕ್ಕದಂತೆ ಆ ಗರಿಗಳನ್ನು ಕಾದವರ ಅಂಜಿಕೆಗೆ ಕಾರಣವಿದ್ದಿತು. ಆದರೂ ಭಾರತದ ವಿದ್ವಲ್ಲೋಕಕ್ಕೆ ಈ ಶಾಸ್ತ್ರವು ತೆರೆದ ದಾರಿಯಲ್ಲಿ ಗೃಹಿಣಿಯೊಬ್ಬಳ ಅಕ್ಷರವೂ ಇದೆಯೆಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಆಕೆಯ ಹೆಸರನ್ನು ಮುನ್ನುಡಿಯಲ್ಲಿ ಬರೆದಿಟ್ಟ ಹೀರಾಲಾಲ ಜೈನರಿಗೆ ನಮ್ಮ ವಂದನೆಗಳು ಸಲ್ಲುತ್ತವೆ. ಅದನ್ನು ಬರೆಯದೆ ಬಿಟ್ಟಿದ್ದರೆ ‘ಉಪಾಧ್ಯಾಯರ ಪ್ರತಿ’ ಎಂದಷ್ಟೇ ಉಳಿಯುತ್ತಿದ್ದಿತು.

ಮೂಡಬಿದರೆಯಿಂದ ಬೆಳ್ತಂಗಡಿಯ ಹಾದಿ ಹಿಡಿದರೆ ವೇಣೂರು ಸಿಕ್ಕುತ್ತದೆ. 1604ರಲ್ಲಿ ನಿಂತ ಬಾಹುಬಲಿಯ ಬಳಿ ಅಜಿಲರ ರಾಣಿಯರ ನೆನಪನ್ನು ಹೊತ್ತ ‘ಅಕ್ಕಂಗಳ ಬಸದಿ’ಯಿದೆ. ಅದರಾಚೆಗೆ ಓಲೆಯ ರಾಜ್ಯವು ಮುಗಿದು ಗದ್ದೆಯ ರಾಜ್ಯವು ತೊಡಗುತ್ತದೆ. ಇಲ್ಲಿಯ ಸ್ತ್ರೀಯರ ಕಾವ್ಯವು ತುಳುವಿನ ಪಾಡ್ದನವು. ನೇಜಿ ನೆಡುವಾಗ ಒಬ್ಬಳು ಸಾಲನ್ನು ಎತ್ತಿಕೊಡುವಳು. ಉಳಿದವರು ಅದನ್ನು ಹಿಂತಿರುಗಿ ಹಾಡುವರು. ಗಂಡನಾದ ಕಾಂತು ಪೂಂಜನ ಅನ್ಯಾಯವನ್ನು ಸಹಿಸದೆ ಆತನನ್ನು ತ್ಯಜಿಸಿ ಹೊರಟ ಸಿರಿಯ ಕಥೆಯು ಹೀಗೆ ಬಾಯಿಂದ ಬಾಯಿಗೆ ಬಂದುದು. ಸ್ತ್ರೀಸ್ವಾತಂತ್ರ್ಯವನ್ನು ಪಶ್ಚಿಮದಿಂದ ಬಂದ ಸರಕೆಂದು ಭಾವಿಸುವವರು ಒಮ್ಮೆ ಇದನ್ನು ಕೇಳಬೇಕು.

1990ರಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೋಂಕೋ ಅವರು ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರಿಂದ ಸಿರಿಯ ಕಾವ್ಯವನ್ನು ಬರೆದುಕೊಂಡರು. ಅದು 15,683 ಸಾಲುಗಳಾಯಿತು. 1998ರಲ್ಲಿ ಗ್ರಂಥವು ಹೊರಬಂದಾಗ ಹಾಡಿದವರ ಹೆಸರು ಮುಖಪುಟದ ಮೇಲೆಯೇ ಇದ್ದಿತು. ಅದು ನ್ಯಾಯವು. ಸ್ತ್ರೀಯರಿಗೂ ಅದೇ ನ್ಯಾಯವು ಸಲ್ಲಬೇಡವೇ? ಎ. ವಿ. ನಾವಡರು ತಾವು ಸಂಪಾದಿಸಿದ ಪುಸ್ತಕಕ್ಕೆ ‘ರಾಮಕ್ಕ ಮುಗ್ಗೇರ್ತಿ ಕಟ್ಟಿದ ಸಿರಿಪಾಡ್ದನ’ ಎಂದು ಹೆಸರಿಟ್ಟರು. ‘ಹಾಡಿದ’ ಎನ್ನದೆ ‘ಕಟ್ಟಿದ’ ಎಂದುದರಲ್ಲಿಯೇ ರಾಮಕ್ಕನ ಕವಿತ್ವಕ್ಕೆ ಮನ್ನಣೆಯಿದೆ. ‘ಜನಪದ’ ಎಂಬ ಒಂದು ಶಬ್ದದಡಿಯಲ್ಲಿ ಹಾಡುಗಾತಿಯರೆಲ್ಲರನ್ನೂ ಮುಚ್ಚಿಬಿಡುವ ಸಂಗ್ರಹಗಳಿಗಿಂತ ಈ ಒಂದು ಮುಖಪುಟವು ಮೇಲೆಂದು ನಮ್ಮ ಮತ.

ಬಂಟವಾಳದವರು ತಮ್ಮೂರಿನಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರನ್ನು ಮರೆತಿಲ್ಲ. ಪ್ರೊಫೆಸರ್ ತುಕಾರಾಮ ಪೂಜಾರಿಯವರು ಅಲ್ಲಿ ಕಟ್ಟಿದ ಅಧ್ಯಯನ ಕೇಂದ್ರಕ್ಕೆ ಅಬ್ಬಕ್ಕ ರಾಣಿಯ ಹೆಸರಿದೆ. ತುಳುನಾಡಿನ ಮನೆವಾರ್ತೆಯ ಹಳೆಯ ಸಾಮಾನುಗಳು ಅಲ್ಲಿ ಕೂಡಿವೆ. ಪಾತ್ರೆಪಡಗಗಳನ್ನು ಕಾಯುವಷ್ಟೇ ಮುತುವರ್ಜಿಯಿಂದ ಅವುಗಳನ್ನು ಬಳಸಿದವರ ಹಾಡುಗಳನ್ನೂ ಕಾಯಬೇಕಾಗಿದೆ. ಗದ್ದೆಗಳು ಅಡಕೆ ತೋಟಗಳಾಗುತ್ತಿವೆ. ಉಳಿದ ಗದ್ದೆಗಳಿಗೂ ನಾಟಿಯ ಯಂತ್ರವು ಬಂದಿದೆ. ಯಂತ್ರದ ಹಿಂದೆ ನಿಂತು ಯಾರೂ ಪಾಡ್ದನವನ್ನು ಎತ್ತಿಕೊಡುವುದಿಲ್ಲ.

ಆಟಿ ತಿಂಗಳಿನಲ್ಲಿ ಮಳೆ ಬಿಡದೆ ಹೊಯ್ಯುವಾಗ ಹಿರಿಯರು ಜಗಲಿಯಲ್ಲಿಯೇ ಇರುತ್ತಾರೆ. ಮೂರೂ ತಾಲೂಕುಗಳ ಶಾಲೆ ಕಾಲೇಜುಗಳ ಉಪಾಧ್ಯಾಯರು ಆಗ ತಮ್ಮ ವಿದ್ಯಾರ್ಥಿಗಳನ್ನು ಅವರವರ ಅಜ್ಜಿಯರ ಬಳಿಗೆ ಕಳುಹಬೇಕು. ಮೊಬೈಲಿನಲ್ಲಿ ಧ್ವನಿಯನ್ನು ಹಿಡಿಯಲಿ, ಕಾಗದದಲ್ಲಿಯೂ ಬರೆದುಕೊಳ್ಳಲಿ. ಹಾಡಿನ ಮೊದಲ ಸಾಲಿಗೂ ಮುಂಚೆ ಹಾಡಿದವಳ ಹೆಸರು, ಊರು, ಕಲಿತದ್ದು ಯಾರಿಂದ ಎಂಬ ಮೂರು ಸಂಗತಿಗಳನ್ನು ಆಕೆಯ ಒಪ್ಪಿಗೆ ಪಡೆದು ಬರೆಯಲಿ.