ಮನೆಯ ಹಳೆಯ ಕೊಳವೆಗಳು

ನಲ್ಲಿಯನ್ನು ತಿರುಗಿಸಿದೊಡನೆ ಮೊದಲು ಕೆಂಬಣ್ಣದ ನೀರು ಬಂದು, ಅನಂತರ ತಿಳಿಯಾದರೂ ಸಣ್ಣಗೆ ಸುರಿಯುತ್ತಿದ್ದರೆ, ದೋಷವನ್ನು ನಲ್ಲಿಯಲ್ಲಿ ಹುಡುಕುವುದು ವ್ಯರ್ಥ. ಅದಿರುವುದು ಗೋಡೆಯೊಳಗೆ. ೧೯೭೮ರಲ್ಲಿ ಎಲೆಕ್ಟ್ರಾನಿಕ್ ಸಿಟಿ ಸ್ಥಾಪಿತವಾದ ಬಳಿಕ ಹೊಸೂರು ರಸ್ತೆಯ ಹೆಬ್ಬಗೋಡಿಯಲ್ಲಿ ಮನೆಗಳು ಹೆಚ್ಚಿದವು. ಹಳೆಯ ಮನೆಗಳಲ್ಲಿ ಹಲವಕ್ಕೆ ಸತುವು ಲೇಪಿಸಿದ ಕಬ್ಬಿಣದ ಕೊಳವೆಗಳು. ಅವುಗಳಲ್ಲಿ ಹರಿದದ್ದು ಕೊಳವೆಬಾವಿಯ ಗಡಸು ನೀರು.

ಇಂಥ ಕೊಳವೆಗೆ ಎರಡು ವ್ಯಾಧಿಗಳುಂಟು. ನೀರಿನ ಸುಣ್ಣವು ಒಳಮೈಗೆ ಹಕ್ಕಳೆಯಾಗಿ ಅಂಟುತ್ತದೆ. ಸತುವು ಸವೆದೆಡೆಯಲ್ಲಿ ತುಕ್ಕು ಗಂಟುಕಟ್ಟುತ್ತದೆ. ಅರ್ಧ ಅಂಗುಲದ ರಂಧ್ರವು ಕಾಲು ಅಂಗುಲಕ್ಕಿಳಿದರೆ ನೀರಿನ ದಾರಿ ಅರ್ಧವಾಗುವುದಿಲ್ಲ, ನಾಲ್ಕರಲ್ಲೊಂದಾಗುತ್ತದೆ. ಘರ್ಷಣೆಯ ದೆಸೆಯಿಂದ ಬರುವ ನೀರು ಅದಕ್ಕಿಂತಲೂ ಕಡಮೆ.

ಸೋರುವ ತುಂಡನ್ನಷ್ಟೆ ಬದಲಾಯಿಸಿದರೆ ಸಾಲದೆ ಎಂದು ಶ್ರೋತೃಗಳು ಕೇಳಬಹುದು. ಕಬ್ಬಿಣದ ಕೊಳವೆಗಳನ್ನು ಕೂಡಿಸಲು ತುದಿಯಲ್ಲಿ ತಿರುಪು ಕೊರೆಯುತ್ತಾರೆ. ಕೊರೆದ ಕಡೆ ಸತುವೂ ಹೋಗಿ, ಲೋಹವೂ ತೆಳುವಾಗಿರುತ್ತದೆ. ಆದ್ದರಿಂದ ಸೋರುವಿಕೆ ಬಹುಮಟ್ಟಿಗೆ ಕೀಲುಗಳಲ್ಲಿಯೇ ಮೊದಲಾಗುತ್ತದೆ. ಒಂದನ್ನು ಬಿಚ್ಚಲು ಬಲವಾಗಿ ತಿರುಗಿಸಿದರೆ, ಅಷ್ಟೇ ವಯಸ್ಸಾದ ಪಕ್ಕದ ಕೀಲು ಬಿರಿಯುವುದುಂಟು. ಈ ವರ್ಷ ಬಚ್ಚಲಮನೆಯ ಗೋಡೆ, ಬರುವ ವರ್ಷ ಅಡಿಗೆಮನೆಯದು ಎಂದು ಒಡೆಯುತ್ತ ಹೋಗುವುದಕ್ಕಿಂತ ಎಲ್ಲವನ್ನೂ ಒಮ್ಮೆಗೇ ಬದಲಾಯಿಸುವುದು ಮಿತವ್ಯಯವೆಂದು ನಮ್ಮ ಅಭಿಪ್ರಾಯ.

ಹಳೆಯದನ್ನೆಲ್ಲ ಕಿತ್ತು ತೆಗೆಯಲೇಬೇಕೆಂದಿಲ್ಲ; ಅದರ ನೀರನ್ನು ನಿಲ್ಲಿಸಿ, ಗೋಡೆಯಲ್ಲೇ ಬಿಟ್ಟು, ಹೊಸ ಸಾಲನ್ನು ಬೇರೆ ಹಾದಿಯಲ್ಲಿ ಒಯ್ಯಬಹುದು. ಈಗ ವಾಡಿಕೆಯಲ್ಲಿರುವ ಸಿ.ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ ಕೊಳವೆಗೆ ತುಕ್ಕಿಲ್ಲ, ಬಿಸಿನೀರನ್ನೂ ತಾಳುತ್ತದೆ. ಸಾಮಾನ್ಯ ಪಿ.ವಿ.ಸಿ. ಬಿಸಿನೀರಿಗೆ ಸಲ್ಲದು. ಕೀಲುಗಳ ಅಂಟು ಚೆನ್ನಾಗಿ ಆರಿದ ಮೇಲೆ, ಗಾರೆ ಮೆತ್ತುವ ಮುನ್ನ, ಒತ್ತಡದ ನೀರು ತುಂಬಿಸಿ ಪರೀಕ್ಷಿಸತಕ್ಕದ್ದು. ಮೇಸ್ತ್ರಿಯ ಅವಸರಕ್ಕೆ ಇಲ್ಲಿ ಮಣಿಯಕೂಡದು.

ಇನ್ನೊಂದು ವಿಷಯವಿದೆ, ಅದು ಪ್ರಾಣಕ್ಕೆ ಸಂಬಂಧಿಸಿದ್ದು. ಕೆಲವು ಹಳೆಯ ಮನೆಗಳಲ್ಲಿ ವಿದ್ಯುತ್ತಿನ ಅರ್ತ್ ತಂತಿಯನ್ನು ನೀರಿನ ಕೊಳವೆಗೇ ಬಿಗಿದಿರುತ್ತಾರೆ. ಕಬ್ಬಿಣ ಹೋಗಿ ಪ್ಲಾಸ್ಟಿಕ್ ಬಂದ ದಿನವೇ ಆ ತಂತಿಗೆ ನೆಲದ ಸಂಪರ್ಕ ತಪ್ಪಬಹುದು. ಆಮೇಲೆ ಗೀಸರಿನೊಳಗೆ ವಿದ್ಯುತ್ತು ಸೋರಿತೆಂದರೆ, ಅದು ಒದ್ದೆಗೈಯಿಂದ ಮುಟ್ಟಿದವರ ಮೈಯ ಮೂಲಕ ನೆಲವನ್ನು ಸೇರುತ್ತದೆ. ಕೊಳಾಯಿ ಕೆಲಸದವನು ಇದನ್ನು ಗಮನಿಸುವನೆಂದು ನಂಬಿ ಕೂರುವಂತಿಲ್ಲ. ಅದು ಅವನ ಕಸುಬಲ್ಲ. ಹಳೆಯ ಕೊಳವೆಗೆ ಗರಗಸ ಹಾಕುವ ಮುನ್ನವೇ ಪರವಾನಿಗೆಯುಳ್ಳ ವಿದ್ಯುತ್ ಕೆಲಸಗಾರನನ್ನು ಕರೆಯಿಸಿ, ಪ್ರತ್ಯೇಕವಾದ ಭೂಸಂಪರ್ಕವನ್ನು ಹಾಕಿಸಿ, ಅದು ಸರಿಯಾಗಿದೆಯೆ ಎಂದು ಅಳೆಯಿಸಿ ನೋಡಬೇಕು.